ಸರ್ವೀಸ್ ಆದ್ಮೇಲೆ ಗಾಡಿ ಹೀಟ್ ಆಗ್ತಿದ್ಯಾ? ಹೆಡ್ ಬಿಚ್ಚಿಸೋ ಮುಂಚೆ ಇಷ್ಟು ನೋಡ್ಕೊಳ್ಳಿ

ನಿನ್ನೆವರೆಗೂ ಗಾಡಿ ಚೆನ್ನಾಗೇ ಇತ್ತು, ಕೂಲೆಂಟ್ (ಎಂಜಿನ್ ತಣ್ಣಗಿಡೋ ನೀರು) ಚೇಂಜೋ ವಾಟರ್ ಪಂಪೋ ಟೈಮಿಂಗ್ ಬೆಲ್ಟೋ ರೇಡಿಯೇಟರೋ ಏನೋ ಒಂದು ಕೆಲಸ ಮಾಡ್ಸಿದ್ಮೇಲೆ ಹೀಟ್ ಶುರುವಾಗಿದೆ ಅಂದ್ರೆ ಮೊದ್ಲು ಕೈ ಹಾಕಿದ ಜಾಗದಲ್ಲೇ ಹುಡುಕಿ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಮೇಲ್ಭಾಗ ಅಂದ್ರೆ ಹೆಡ್ಡಿಗೂ ಕೆಳಗಿನ ಭಾಗಕ್ಕೂ ನಡುವಿನ ಸೀಲು) ಕಡೆಗೆ ಹೋಗೋದು ಕೊನೆಗೆ. ಇದನ್ನ ಇಷ್ಟು ಗಟ್ಟಿಯಾಗಿ ಯಾಕೆ ಹೇಳ್ತಿದೀನಿ ಅಂದ್ರೆ ನಮ್ಮ ಗಾಡಿದು ಹೆಡ್ ಇಳಿಸೋಕೆ ಎಲ್ಲ ರೆಡಿ ಆಗಿತ್ತು, ಹೆಡ್ ಮಟ್ಟಸ ಮಾಡೋ ಫೇಸಿಂಗಿಗೆ ಲೇತ್ ಅಂಗಡಿಗೂ ಹೇಳಿಟ್ಟಿದ್ರು, ಕೊನೆಗೆ ನೋಡಿದ್ರೆ ತಪ್ಪಿದ್ದಿದ್ದು ಒಂದು ಗೇಣುದ್ದದ ಪೈಪಲ್ಲಿ.

ನಮ್ದು ತೀರ್ಥಹಳ್ಳಿ ಕಡೆ. ಗಾಡಿ ಹಳೇ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರು, ರೇಡಿಯೇಟರ್ ಮೇಲೇ ಕ್ಯಾಪ್ ಇರುತ್ತಲ್ಲ ಆ ಥರದ್ದು, ಪಕ್ಕದಲ್ಲಿ ಬಿಳೀ ಪ್ಲಾಸ್ಟಿಕ್ ಟ್ಯಾಂಕು. ವಾಟರ್ ಪಂಪ್ ಹತ್ರ ಸಣ್ಣಗೆ ಜಿನುಗ್ತಿತ್ತು ಅಂತ ಶಿವಮೊಗ್ಗದ ಒಂದು ಗ್ಯಾರೇಜಲ್ಲಿ ಪಂಪು, ಬೆಲ್ಟು, ಕೂಲೆಂಟು ಮೂರೂ ಒಟ್ಟಿಗೆ ಮಾಡ್ಸಿದೆ. ವಾಪಸ್ ಊರಿಗೆ 60 ಕಿಲೋಮೀಟರ್, ಮಂಡಗದ್ದೆ ದಾರೀಲಿ ಮೀಟರ್ ಮುಳ್ಳು ಅರ್ಧದಿಂದ ಅಲ್ಲಾಡ್ಲಿಲ್ಲ. ಆಮೇಲೆ ಹತ್ತು ದಿನ ತೋಟ, ಪೇಟೆ, ಸೊಸೈಟಿ ಅಂತ ಸಣ್ಣ ಸಣ್ಣ ಓಡಾಟ, ಏನೂ ತೊಂದ್ರೆ ಇಲ್ಲ. ಹನ್ನೊಂದನೇ ದಿನ ಉಡುಪೀಲಿ ಮದುವೆ. ಘಾಟಿ ಇಳಿಯೋವಾಗ ಎಂತದೂ ಇಲ್ಲ, ಸಂಜೆ ವಾಪಸ್ ಹೆಬ್ರಿ ದಾಟಿ ಸೋಮೇಶ್ವರದಿಂದ ಹತ್ತೋಕೆ ಶುರು ಮಾಡಿ ಎಂಟೊಂಬತ್ತು ತಿರುವು ಆಗೋ ಹೊತ್ತಿಗೆ ಮುಳ್ಳು ಮೇಲಕ್ಕೆ ಹೊರಟ್ತು. ಹಿಂದೆ ಬಸ್ಸು, ಗಾಡೀಲಿ ಅಪ್ಪಯ್ಯ ಅಮ್ಮ, ಫೋನಿಗೆ ಸಿಗ್ನಲ್ ಇಲ್ಲ.

ಎಸಿ ಆಫ್ ಮಾಡಿ ಹೀಟರ್ ಫುಲ್ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿದೆ, ಎಂಜಿನ್ ಬಿಸಿನ ಸ್ವಲ್ಪ ಒಳಗೆ ಎಳ್ಕೊಳ್ಳಕ್ಕೆ. ಬಂದಿದ್ದು ತಣ್ಣನೆ ಗಾಳಿ. ಮುಳ್ಳು ಕೆಂಪು ಗೆರೆ ಹತ್ರ, ಹೀಟರಲ್ಲಿ ತಣ್ಣನೆ ಗಾಳಿ! ಅವತ್ತು ನಂಗೆ ಇದರ ಅರ್ಥ ಗೊತ್ತಿರ್ಲಿಲ್ಲ, ಈಗ ಗೊತ್ತು, ಅದಕ್ಕೇ ಹೇಳ್ತೀನಿ ಕೇಳಿ. ಹೀಟರ್ ಅನ್ನೋದು ಡ್ಯಾಶ್‌ಬೋರ್ಡ್ ಒಳಗಿರೋ ಒಂದು ಚಿಕ್ಕ ರೇಡಿಯೇಟರ್, ಎಂಜಿನ್ನಿನ ಬಿಸಿ ನೀರೇ ಅದ್ರೊಳಗೂ ಸುತ್ತುತ್ತೆ. ಎಂಜಿನ್ ಕಾದಿದ್ದೂ ಅಲ್ಲಿ ತಣ್ಣಗಿದೆ ಅಂದ್ರೆ ಅಲ್ಲಿಗೆ ನೀರು ಬರ್ತಾನೇ ಇಲ್ಲ, ಒಂದೋ ನೀರು ಕಮ್ಮಿ ಇದೆ ಇಲ್ಲಾ ಗಾಳಿ ಸೇರ್ಕೊಂಡಿದೆ. ಹಿಂಗಾದ್ರೆ ಇನ್ನೂ ಎರಡು ತಿರುವು ಹೋಗ್ಬಿಡೋಣ ಅಂತ ಆಸೆ ಮಾಡ್ಬೇಡಿ, ಜಾಗ ಸಿಕ್ಕಿದ ಕಡೆ ಸೈಡಿಗೆ ಹಾಕಿ ಎಂಜಿನ್ ಆಫ್ ಮಾಡಿ. ಹೀಟರಲ್ಲಿ ಒಳ್ಳೇ ಬಿಸಿ ಗಾಳಿ ಬರ್ತಿದ್ದು ಮುಳ್ಳು ಮೇಲೆ ಹೋಗ್ತಿದ್ರೆ ಮಾತ್ರ ನೀರಿದೆ, ತಿರುಗ್ತಿದೆ ಅಂತ, ಆಗ ನಿಲ್ಲಿಸಿ ಐಡಲಲ್ಲೇ ಬಿಟ್ಟು ಫ್ಯಾನ್ ತಿರುಗಕ್ಕೆ ಬಿಡ್ಬಹುದು, ಒಂದೆರಡು ನಿಮಿಷದಲ್ಲಿ ಮುಳ್ಳು ಇಳೀಲಿಲ್ಲ ಅಂದ್ರೆ ಆಗ್ಲೂ ಆಫ್. ಕ್ಯಾಪ್ ಮಾತ್ರ ಮುಟ್ಟಬೇಡಿ ಮಾರಾಯ್ರೆ. ಅದು ಕುಕ್ಕರ್ ಇದ್ದಂಗೆ, ಒಳಗೆ ಪ್ರೆಶರ್ ಇರೋದ್ರಿಂದ ನೂರು ಡಿಗ್ರಿ ದಾಟಿದ್ರೂ ಕುದಿಯದೆ ಕೂತಿರುತ್ತೆ, ಕ್ಯಾಪ್ ತೆಗೆದ ಕ್ಷಣ ಪ್ರೆಶರ್ ಹೋಗಿ ಅಷ್ಟೂ ಒಂದೇ ಸಲ ಕುದ್ದು ಮುಖಕ್ಕೆ ಹಾರುತ್ತೆ. ಕಮ್ಮಿ ಅಂದ್ರೂ ಅರ್ಧ ಮುಕ್ಕಾಲು ಗಂಟೆ ಕಾಯಿರಿ, ಕಾದ ಎಂಜಿನ್ ಮೇಲೆ ತಣ್ಣೀರು ಸುರೀಬೇಡಿ, ಹೆಡ್ ಸೊಟ್ಟ ಆಗೋದು ಇಲ್ಲಾ ಬಿರುಕು ಬಿಡೋದು ಹಂಗೇ.

ನಾವು ಒಂದು ಗಂಟೆ ಕಾದ್ವಿ. ಬಾನೆಟ್ ಎತ್ತಿ ನೋಡಿದ್ರೆ ಪ್ಲಾಸ್ಟಿಕ್ ಟ್ಯಾಂಕಲ್ಲಿ ಕೂಲೆಂಟು ಮೇಲಿನ ಗೆರೆಗಿಂತ ಮೇಲಿದೆ! ಟ್ಯಾಂಕು ತುಂಬಿದೆ, ಮತ್ತೆ ನೀರು ಕಮ್ಮಿ ಹೆಂಗಾಗುತ್ತೆ ಅಂತ ಜೊತೆಗಿದ್ದ ಭಾವ ಕೇಳ್ದ. ನಾನೂ ಅದನ್ನೇ ನಂಬ್ದೆ. ಆರಿದ್ಮೇಲೆ ನಿಧಾನಕ್ಕೆ ಮೇಲೆ ಹತ್ತಿ ಮನೆ ಸೇರಿದ್ವಿ, ಬೆಳಿಗ್ಗೆ ಪೂರ್ತಿ ತಣ್ಣಗಾದ್ಮೇಲೆ ರೇಡಿಯೇಟರ್ ಕ್ಯಾಪ್ ತೆಗೆದ್ರೆ ಒಳಗೆ ನೀರೇ ಕಾಣ್ಸಲ್ಲ. ಬಾಯಿವರೆಗೂ ತುಂಬಕ್ಕೆ ಒಂದು ಲೀಟರ್ ಮೇಲೆ ಹಿಡೀತು. ನೆಲದ ಮೇಲೆ ಒಂದು ಹನಿ ಲೀಕ್ ಇಲ್ಲ, ಹೊಗೆ ಬಿಳಿ ಇಲ್ಲ. ಹಂಗಾದ್ರೆ ಆ ಒಂದು ಲೀಟರ್ ಎಲ್ಲಿಗೆ ಹೋಯ್ತು?

ಕತೆ ಇಲ್ಲಿ ಸ್ವಲ್ಪ ನಿಲ್ಸಿ, ನಿಮ್ಮ ಗಾಡಿ ಯಾವಾಗ ಹೀಟ್ ಆಗುತ್ತೆ ಅಂತ ಮೊದ್ಲು ಗಮನಿಸಿ, ಯಾಕಂದ್ರೆ ಅರ್ಧ ಉತ್ತರ ಅಲ್ಲೇ ಇರುತ್ತೆ.

ನಿಂತಾಗ ಮಾತ್ರ ಹೀಟ್

ಶಿವಮೊಗ್ಗದ ಅಮೀರ್ ಅಹಮದ್ ಸರ್ಕಲಲ್ಲೋ ಗೋಪಿ ಸರ್ಕಲಲ್ಲೋ ಸಿಗ್ನಲಲ್ಲಿ ನಿಂತಾಗ ಮುಳ್ಳು ಏರಿ, ಸಾಗರ ರೋಡಲ್ಲಿ ಸ್ಪೀಡ್ ತಗೊಂಡ ತಕ್ಷಣ ಇಳಿಯುತ್ತೆ ಅಂದ್ರೆ ಫ್ಯಾನ್ ಕಡೆ ನೋಡಿ. ಓಡೋವಾಗ ಗಾಳಿ ತಾನಾಗೇ ಬರುತ್ತೆ, ನಿಂತಾಗ ಫ್ಯಾನೇ ಗತಿ. ಎಸಿ ಹಾಕಿದ್ರೆ ಸುಮಾರು ಗಾಡಿಗಳಲ್ಲಿ ಫ್ಯಾನ್ ತಿರುಗ್ಲೇಬೇಕು, ತಿರುಗ್ಲಿಲ್ಲ ಅಂದ್ರೆ ಫ್ಯಾನ್ ಕಪ್ಲರ್ (ವೈರ್ ಜೋಡಿಸೋ ಪ್ಲಗ್) ಹಾಕಿದಾರಾ ನೋಡಿ, ರೇಡಿಯೇಟರ್ ಇಳಿಸೋವಾಗ ಅದನ್ನ ತೆಗೆದಿರ್ತಾರೆ, ವಾಪಸ್ ಹಾಕೋವಾಗ ಮರ್ತಿರ್ತಾರೆ ಇಲ್ಲಾ ಅರ್ಧ ಮಾತ್ರ ಕೂತಿರುತ್ತೆ. ಆಮೇಲೆ ಫ್ಯೂಸು, ರಿಲೇ (ಫ್ಯಾನಿಗೆ ಕರೆಂಟ್ ಬಿಡೋ ಸ್ವಿಚ್ಚು). ಹಾರ್ನಿನ ರಿಲೇನೂ ಫ್ಯಾನಿನ ರಿಲೇನೂ ಒಂದೇ ನಂಬರ್ ಇದ್ರೆ ಅದಲು ಬದಲು ಮಾಡಿ ನೋಡಿ, ಖರ್ಚಿಲ್ಲದ ಟೆಸ್ಟು.

ಫ್ಯಾನ್ ತಿರುಗ್ತಿದ್ರೂ ಯಾವ ಕಡೆ ತಿರುಗ್ತಿದೆ ನೋಡಿ. ಎಂಜಿನ್ ಕಡೆ ಇರೋ ಫ್ಯಾನು ಮುಂದಿನ ಗಾಳಿನ ಒಳಗೆ ಎಳೀಬೇಕು. ವೈರ್ ಕಟ್ ಮಾಡಿ ಜಾಯಿಂಟ್ ಮಾಡಿರೋ ಕಡೆ ಎರಡು ವೈರ್ ಉಲ್ಟಾ ಆಗಿದ್ರೆ ಗಾಳಿ ಮುಂದಕ್ಕೆ ಊದುತ್ತೆ. ಮುಂದುಗಡೆ ಗ್ರಿಲ್ಲಿಗೆ ಒಂದು ಪೇಪರ್ ಹಿಡೀರಿ, ಅಂಟ್ಕೊಂಡ್ರೆ ಸರಿ, ತಳ್ಳಿದ್ರೆ ಉಲ್ಟಾ. ಹಂಗೇ ಫ್ಯಾನ್ ಸುತ್ತ ಇರೋ ಪ್ಲಾಸ್ಟಿಕ್ ಕವರ್ ಹಾಕದೆ ಬಿಟ್ಟಿದ್ರೂ ಫ್ಯಾನು ಪಕ್ಕದ ಬಿಸಿ ಗಾಳಿನೇ ಎಳ್ಕೊಂಡು ಸುತ್ತುತ್ತೆ. ಮಳೆಗಾಲದಲ್ಲಿ ಇನ್ನೊಂದು, ಕೊಟ್ಟಿಗೆ ಪಕ್ಕ ಗಾಡಿ ನಿಲ್ಲಿಸೋರಿಗೆ ಗೊತ್ತೇ ಇದೆ, ಬೆಚ್ಚಗಿರುತ್ತೆ ಅಂತ ಇಲಿ ಬಾನೆಟ್ ಒಳಗೆ ಸೇರಿ ವೈರ್ ಕಡಿಯುತ್ತೆ. ಇದಕ್ಕೆ ಗ್ಯಾರೇಜಿನೋರನ್ನ ಬೈದು ಪ್ರಯೋಜನ ಇಲ್ಲ.

ಏರು ಹತ್ತೋವಾಗ ಇಲ್ಲಾ ಸ್ಪೀಡಲ್ಲಿ ಹೀಟ್

ಆಗುಂಬೆ, ಹುಲಿಕಲ್ ಥರದ ಘಾಟೀಲಿ ಗಾಡಿ ಎರಡನೇ ಗೇರಲ್ಲಿ ಪೂರ್ತಿ ದಮ್ಮು ಹಾಕ್ತಿರುತ್ತೆ, ಹುಟ್ಟೋ ಬಿಸಿ ಜಾಸ್ತಿ, ಮುಂದಿನಿಂದ ಬರೋ ಗಾಳಿ ಕಮ್ಮಿ. ಸಮತಟ್ಟು ರೋಡಲ್ಲಿ ಮುಚ್ಕೊಂಡಿರೋ ದೋಷ ಎಲ್ಲ ಇಲ್ಲಿ ಹೊರಗೆ ಬೀಳುತ್ತೆ. ಹಂಗಾಗಿ ಬಯಲುಸೀಮೆ ರೋಡಲ್ಲಿ ಟೆಸ್ಟ್ ಡ್ರೈವ್ ಮಾಡಿ ಓಕೆ ಅಂದಿದ್ದನ್ನ ನಾನಂತೂ ಈಗ ಒಪ್ಪಲ್ಲ. ಈ ಥರ ಹೀಟ್ ಆದ್ರೆ ಮೂರು ಅನುಮಾನ: ನೀರು ಕಮ್ಮಿ ಅಥವಾ ಗಾಳಿ, ರೇಡಿಯೇಟರ್ ಬ್ಲಾಕು, ಥರ್ಮೋಸ್ಟಾಟ್ (ನೀರು ಬಿಸಿಯಾದ್ಮೇಲೆ ರೇಡಿಯೇಟರ್ ದಾರಿ ತೆರೆಯೋ ವಾಲ್ವ್) ಪೂರ್ತಿ ತೆರೀತಿಲ್ಲ.

ರೇಡಿಯೇಟರ್ ಬ್ಲಾಕ್ ಅಂದ್ರೆ ಎರಡು ಥರ. ಹೊರಗಿನದು, ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಕೆಂಪು ಮಣ್ಣು, ಎಲೆ, ಹುಳ, ಹುಲ್ಲಿನ ಬೀಜ ಸೇರಿ ಚಾಪೆ ಥರ ಆಗಿರುತ್ತೆ. ಸರ್ವೀಸಲ್ಲಿ ಪ್ರೆಶರ್ ವಾಶ್ ಹತ್ರದಿಂದ ಹೊಡೆದ್ರೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ ಗಾಳಿ ಹೋಗೋ ದಾರಿನೇ ಮುಚ್ಚಿರುತ್ತೆ, ಟಾರ್ಚ್ ಹಾಕಿ ನೋಡಿ. ಒಳಗಿನದು, ಪಂಪ್ ಕೂರಿಸೋವಾಗ ಗ್ಯಾಸ್ಕೆಟ್ ಪೇಸ್ಟ್ ಜಾಸ್ತಿ ಹಚ್ಚಿದ್ರೆ ಒಳಗಡೆ ಹಿಂಡ್ಕೊಂಡಿದ್ದು ಕಿತ್ತು ಬಂದು ರೇಡಿಯೇಟರ್ ನಾಳಕ್ಕೆ ಸಿಕ್ಕಿಹಾಕ್ಕೊಳ್ಳುತ್ತೆ, ಲೀಕ್ ನಿಲ್ಸೋ ಪುಡಿ ಹಾಕಿದ್ರೂ ಅದೇ ಗತಿ. ಟೆಂಪರೇಚರ್ ಗನ್ ಸಿಕ್ಕಿದ್ರೆ ಎಂಜಿನ್ ಬಿಸಿಯಾಗಿ ಆಫ್ ಮಾಡಿದ್ಮೇಲೆ ರೇಡಿಯೇಟರ್ ಉದ್ದಕ್ಕೂ ಹಿಡೀರಿ, ನೀರು ಒಳಗೆ ಬರೋ ಕಡೆಯಿಂದ ಹೊರಗೆ ಹೋಗೋ ಕಡೆಗೆ ಬಿಸಿ ನಿಧಾನಕ್ಕೆ ಇಳೀತಾ ಹೋಗ್ಬೇಕು, ನಡುವೆ ಎಲ್ಲೋ ಒಂದು ಪಟ್ಟಿ ಮಾತ್ರ ತಣ್ಣಗಿದ್ರೆ ಅಲ್ಲಿ ಬ್ಲಾಕು. ಹೊಳೆಯೋ ಅಲ್ಯೂಮಿನಿಯಂ ಮೇಲೆ ಆ ಗನ್ ತಪ್ಪು ತೋರ್ಸುತ್ತೆ, ಒಂದು ತುಂಡು ಕಪ್ಪು ಟೇಪ್ ಅಂಟ್ಸಿ ಅದ್ರ ಮೇಲೆ ಹಿಡೀರಿ.

ಥರ್ಮೋಸ್ಟಾಟ್ ವಿಷಯ, ಇದು ಸ್ವಲ್ಪ ಜಾಸ್ತಿನೇ ಹೇಳ್ಬೇಕು

ನಮ್ ಕಡೆ ಒಂದು ಮಾತಿದೆ, "ಅದು ಫಾರಿನ್‌ಗೆ ಸಾರ್, ಹಿಮ ಬೀಳೋ ಊರಿಗೆ, ನಮ್ಗೆಂತಕ್ಕೆ" ಅಂತ ಹೇಳಿ ಥರ್ಮೋಸ್ಟಾಟ್ ಕಿತ್ತು ಬಿಸಾಕೋದು. ದಯವಿಟ್ಟು ಒಪ್ಕೋಬೇಡಿ. ತುಂಬಾ ಗಾಡೀಲಿ ಅದು 82 ಡಿಗ್ರಿ ಆಸುಪಾಸಲ್ಲಿ ತೆರೆಯಕ್ಕೆ ಶುರುವಾಗಿ 95ರ ಹತ್ರ ಪೂರ್ತಿ ತೆರೆಯುತ್ತೆ. ಅದು ಇಲ್ದಿದ್ರೆ ಎಂಜಿನ್ ಬಿಸಿಯಾಗೋದೇ ತಡ, ಜುಲೈ ತಿಂಗಳ ಮಳೇಲಿ ನಾಲ್ಕು ಕಿಲೋಮೀಟರ್ ಪೇಟೆಗೆ ಹೋಗಿ ಬರೋ ಗಾಡಿ ಬಿಸಿಯೇ ಆಗಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಆಯಿಲಲ್ಲಿ ನೀರಿನ ಪಸೆ ಉಳಿಯುತ್ತೆ. ಇನ್ನೂ ಒಂದು, ಕೆಲವು ಎಂಜಿನಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಹಿಂದಿನ ಬಿಲ್ಲೆ ಬೈಪಾಸ್ ದಾರಿನ ಮುಚ್ಚುತ್ತೆ, ಅದನ್ನೇ ಕಿತ್ರೆ ಬೈಪಾಸ್ ಯಾವಾಗ್ಲೂ ತೆರೆದೇ ಇದ್ದು ಅರ್ಧ ನೀರು ರೇಡಿಯೇಟರ್‌ಗೆ ಹೋಗದೆ ಎಂಜಿನಲ್ಲೇ ಸುತ್ತುತ್ತೆ, ಅಂದ್ರೆ ಹೀಟ್ ಕಮ್ಮಿ ಆಗ್ಲಿ ಅಂತ ಕಿತ್ತಿದ್ದಕ್ಕೆ ಹೀಟ್ ಜಾಸ್ತಿ ಆಗುತ್ತೆ.

ಅನುಮಾನ ಇದ್ರೆ ಬಿಚ್ಚಿ ಒಲೆ ಮೇಲೆ ಟೆಸ್ಟ್ ಮಾಡಿ. ಹಳೇ ಪಾತ್ರೇಲಿ ನೀರಿಟ್ಟು ದಾರದಲ್ಲಿ ತೂಗುಹಾಕಿ, ತಳಕ್ಕೆ ತಾಗ್ಬಾರ್ದು. ನಮ್ ಎತ್ತರದಲ್ಲಿ ನೀರು ಕುದಿಯೋದು ಸುಮಾರು 98 ಡಿಗ್ರಿಗೆ, ಹಂಗಾಗಿ 82ರ ಥರ್ಮೋಸ್ಟಾಟ್ ಕುದಿ ಬರೋ ಮುಂಚೆನೇ ಬಾಯಿ ಬಿಡ್ಬೇಕು, ತಣ್ಣೀರಿಗೆ ಹಾಕಿದ್ರೆ ಮುಚ್ಕೋಬೇಕು. ವಾಪಸ್ ಹಾಕೋವಾಗ ಸ್ಪ್ರಿಂಗ್ ಇರೋ, ಒಳಗೆ ಬಿಸಿಗೆ ಹಿಗ್ಗೋ ಮೇಣ ತುಂಬಿರೋ ಭಾಗ ಎಂಜಿನ್ ಕಡೆಗೆ, ಅದ್ರ ಅಂಚಲ್ಲಿ ಅಲ್ಲಾಡೋ ಒಂದು ಸಣ್ಣ ಪಿನ್ ಇದ್ರೆ ಅದು ಮೇಲ್ಗಡೆ ಬರ್ಬೇಕು. ಗಾಳಿ ಹೊರಗೆ ಹೋಗೋ ಕಿಟಕಿ ಅದು. ಕೆಳಗಡೆ ಹಾಕಿದ್ರೆ ಗಾಳಿ ಥರ್ಮೋಸ್ಟಾಟ್ ಹಿಂದೆನೇ ನಿಂತು, ಮೇಣಕ್ಕೆ ಬಿಸಿ ನೀರು ತಾಗದೆ ತೆರೆಯೋದೇ ತಡ ಆಗುತ್ತೆ.

ಏರ್ ತೆಗೆಯೋದು

ಕೂಲೆಂಟ್ ಚೇಂಜ್ ಆದ್ಮೇಲೆ ಬರೋ ಹೀಟಿಗೆ ನಾನು ಮೊದ್ಲು ಅನುಮಾನಿಸೋದು ಏರ್ ಲಾಕ್. ಮೊದ್ಲು ಬಿಲ್ ತೆಗೆದು ನೋಡಿ, ಎಷ್ಟು ಲೀಟರ್ ಹಾಕಿದಾರೆ? ಸಣ್ಣ ಕಾರಿಗೆ ಒಟ್ಟು ಮೂರೂವರೆಯಿಂದ ಐದು ಲೀಟರ್ ಹಿಡಿಯುತ್ತೆ, ನಿಮ್ ಗಾಡಿ ಪುಸ್ತಕದಲ್ಲಿ ಲೆಕ್ಕ ಇರುತ್ತೆ. ರೇಡಿಯೇಟರ್ ಕೆಳಗಿನ ತಿರುಪು ಬಿಚ್ಚಿದ್ರೆ ಪೂರ್ತಿ ಬರಲ್ಲ, ಎಂಜಿನ್ ಒಳಗೆ ಸುಮಾರು ಉಳ್ಕೊಂಡಿರುತ್ತೆ. ಎಷ್ಟು ಹೊರಗೆ ಬಂತೋ ಅಷ್ಟು ಒಳಗೆ ಹೋಗ್ಬೇಕು, ಮೂರು ಲೀಟರ್ ಬಂದು ಎರಡೇ ಹಿಡೀತು ಅಂದ್ರೆ ಉಳಿದ ಒಂದು ಲೀಟರ್ ಜಾಗದಲ್ಲಿ ಗಾಳಿ ಇದೆ.

ಮಲೆನಾಡಲ್ಲಿ ಒಂದು ಅನುಕೂಲ, ಎಲ್ಲರ ಮನೆ ಮುಂದೂ ಏರಿರುತ್ತೆ. ರೇಡಿಯೇಟರ್ ಬಾಯಿ ಎಲ್ಲದಕ್ಕಿಂತ ಎತ್ತರ ಬರೋ ಹಂಗೆ ಗಾಡಿ ಮೂತಿ ಮೇಲೆ ಮಾಡಿ ನಿಲ್ಸಿ, ಹ್ಯಾಂಡ್‌ಬ್ರೇಕ್ ಹಾಕಿ ಹಿಂದಿನ ಟೈರಿಗೆ ಕಲ್ಲು ಕೊಡಿ. ಎಂಜಿನ್ ತಣ್ಣಗಿರ್ಬೇಕು. ಹೀಟರ್ ಫುಲ್ ಬಿಸಿಗೆ. ನಿಧಾನಕ್ಕೆ ತುಂಬಿ, ಗಡಿಬಿಡೀಲಿ ಸುರಿದ್ರೆ ಗಾಳಿ ಒಳಗೇ ಸಿಕ್ಕಿಬೀಳುತ್ತೆ. ಏರ್ ಸ್ಕ್ರೂ ಇದ್ರೆ ಅದನ್ನ ಸಡಿಲ ಮಾಡಿ ಗುಳ್ಳೆ ಇಲ್ದೆ ಧಾರೆ ಬರೋವರೆಗೂ ಬಿಡಿ. ಆಮೇಲೆ ಕ್ಯಾಪ್ ತೆಗೆದೇ ಸ್ಟಾರ್ಟ್ ಮಾಡಿ, ದಪ್ಪ ಬಟ್ಟೆ ಹಿಡ್ಕೊಂಡು ಮೇಲಿನ ಹೋಸ್ ಪೈಪನ್ನ ಆಗಾಗ ಹಿಚುಕಿ, ಗುಳ್ಳೆ ಬರ್ತಾ ಇರುತ್ತೆ, ಒಂದು ಹಂತದಲ್ಲಿ ಥರ್ಮೋಸ್ಟಾಟ್ ತೆರೆದು ನೀರು ದಿಢೀರ್ ಅಂತ ಕೆಳಗೆ ಹೋಗುತ್ತೆ, ಮತ್ತೆ ತುಂಬಿ. ಮುಖ ಬಾಯಿ ಮೇಲೆ ತರಬೇಡಿ, ಉಕ್ಕುತ್ತೆ. ಗುಳ್ಳೆ ನಿಂತು ಹೀಟರಲ್ಲಿ ಬಿಸಿ ಗಾಳಿ ಬಂದ್ರೆ ಕ್ಯಾಪ್ ಹಾಕಿ, ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗೋವರೆಗೂ ಬಿಡಿ. ಮುಖ್ಯವಾದದ್ದು ಮಾರನೇ ದಿನ ಬೆಳಿಗ್ಗೆ, ತಣ್ಣಗಿದ್ದಾಗ ಕ್ಯಾಪ್ ತೆಗೆದು ಬಾಯಿವರೆಗೂ ಇದ್ಯಾ ನೋಡೋದು. ಓಮ್ನಿ ಇರೋರಿಗೆ ಇನ್ನೂ ತಾಳ್ಮೆ ಬೇಕು, ಎಂಜಿನ್ ಸೀಟಿನ ಕೆಳಗೆ, ರೇಡಿಯೇಟರ್ ಮುಂದೆ, ನಡುವೆ ಉದ್ದ ಪೈಪು, ಗಾಳಿ ನಿಲ್ಲೋಕೆ ಜಾಗ ಜಾಸ್ತಿ.

ಮತ್ತೆ ಹಳ್ಳದ ನೀರು ಹಾಕ್ಬೇಡಿ. ಗಂಗಾ ಸ್ನಾನ ತುಂಗಾ ಪಾನ ಅಂತಾರೆ, ಕುಡಿಯಕ್ಕೆ ಸರಿ, ರೇಡಿಯೇಟರ್‌ಗೆ ಬೇಡ, ಬೋರ್ ನೀರಂತೂ ಬೇಡ್ವೇ ಬೇಡ, ಉಪ್ಪು ಕಟ್ಟುತ್ತೆ. ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ. ಘಾಟೀಲಿ ಸಿಕ್ಕಿಬಿದ್ದಾಗ ಬಾಟಲಿ ನೀರು ಹಾಕಿ ಮನೆ ಸೇರೋದು ಬೇರೆ ಮಾತು, ಆಮೇಲೆ ಚೇಂಜ್ ಮಾಡ್ಸಿ. ಹಸಿರು ಕೆಂಪು ಬಣ್ಣ ನೋಡಿ ಬೆರೆಸ್ಬೇಡಿ, ಬಣ್ಣಕ್ಕೆ ಕಟ್ಟುನಿಟ್ಟಿನ ನಿಯಮ ಇಲ್ಲ, ಡಬ್ಬಿ ಮೇಲೆ ಬರೆದಿರೋ ಕೂಲೆಂಟಿನ ಜಾತಿ ನೋಡಿ.

ಹೆಡ್ ಗ್ಯಾಸ್ಕೆಟ್ ಹೋಗಿದ್ಯಾ ಇಲ್ವಾ

ನಮ್ಮ ಕತೆಗೆ ಬರ್ತೀನಿ. ನಾನು ಮೇಲೆ ಹೇಳಿದ ಹಂಗೇ ಏರ್ ತೆಗೆದೆ, ಗಾಡಿ ಒಂದು ವಾರ ಚೆನ್ನಾಗಿ ಓಡ್ತು, ಆಮೇಲೆ ಟ್ಯಾಂಕಲ್ಲಿ ಮಟ್ಟ ಏರ್ತಾ ಏರ್ತಾ ಮುಚ್ಚಳದಿಂದ ಹೊರಗೆ ಚೆಲ್ಲಕ್ಕೆ ಶುರುವಾಯ್ತು. ಇನ್ನೊಂದು ಗ್ಯಾರೇಜಿಗೆ ತಗೊಂಡು ಹೋದೆ. ಟ್ಯಾಂಕ್ ನೋಡಿದ ತಕ್ಷಣ "ಸಾರ್, ಹೆಡ್ ಹೋಗಿದೆ, ಕಂಪ್ರೆಶನ್, ಅಂದ್ರೆ ಸಿಲಿಂಡರಿನ ಗ್ಯಾಸು, ನೀರಿಗೆ ನುಗ್ತಿದೆ, ಅದಕ್ಕೇ ಟ್ಯಾಂಕಿಗೆ ತಳ್ಳುತ್ತೆ" ಅಂದ್ರು. ಆಯಿಲ್ ಕ್ಯಾಪ್ ತೆಗೆದು ಒಳಗಿದ್ದ ಬಿಳೀ ನೊರೆನೂ ತೋರ್ಸಿದ್ರು. ಹೆದರಿಕೆ ಆಯ್ತು, ಸುಳ್ಳಲ್ಲ.

ಆದ್ರೆ ಆ ನೊರೆ ಬಗ್ಗೆ ಒಂದು ಮಾತು, ಮಳೆಗಾಲದಲ್ಲಿ ಸಣ್ಣ ದೂರ ಓಡೋ ಗಾಡೀಲಿ ಗಾಳಿಯ ತೇವನೇ ಕ್ಯಾಪಿನ ಒಳಗೆ ಮಂಜು ಥರ ಕೂತು ಆಯಿಲ್ ಜೊತೆ ಸೇರಿ ಬಿಳಿ ಆಗುತ್ತೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಎಳೆದು ನೋಡಿ, ಅಲ್ಲಿ ಆಯಿಲ್ ಆಯಿಲ್ ಥರನೇ ಇದ್ದು ಮಟ್ಟ ಏರಿಲ್ಲ ಅಂದ್ರೆ ಬರೀ ಕ್ಯಾಪಿನ ನೊರೆ ನೋಡಿ ಹೆಡ್ ಇಳಿಸೋಕೆ ಒಪ್ಕೋಬೇಡಿ. ಡಿಪ್‌ಸ್ಟಿಕ್ಕಲ್ಲೂ ಹಾಲು ಹಾಕಿದ ಕಾಫಿ ಬಣ್ಣ ಬಂದ್ರೆ ಆಗ ಗಾಡಿ ಸ್ಟಾರ್ಟ್ ಮಾಡೋದೇ ಬೇಡ.

ನಿಜವಾದ ಟೆಸ್ಟ್ ಹಿಂಗೆ. ರಾತ್ರಿ ಪೂರ್ತಿ ತಣ್ಣಗಾದ ಗಾಡಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನ ಥರ ಗಟ್ಟಿ ಆದ್ರೆ ಅನುಮಾನ ಪಡಿ, ನೀರು ಇನ್ನೂ ಬಿಸಿನೇ ಆಗಿಲ್ಲ, ಆ ಪ್ರೆಶರ್ ಸಿಲಿಂಡರಿಂದ ಬಂದಿರ್ಬೇಕು. ಕ್ಯಾಪ್ ತೆಗೆದು ನೋಡಿದ್ರೆ ನಿಲ್ಲದೇ ಬರೋ ಗುಳ್ಳೆ, ಎಕ್ಸಲೇಟರ್ ಕೊಟ್ರೆ ಇನ್ನೂ ಜಾಸ್ತಿ. ಸೈಲೆನ್ಸರಲ್ಲಿ ಎಂಜಿನ್ ಬಿಸಿಯಾದ್ಮೇಲೂ ಹೋಗದ, ಸಿಹಿ ವಾಸನೆಯ ಬಿಳಿ ಹೊಗೆ. ಎಲ್ಲದಕ್ಕಿಂತ ಖಚಿತ ಅಂದ್ರೆ ನೀಲಿ ಲಿಕ್ವಿಡ್ ಟೆಸ್ಟ್, ರೇಡಿಯೇಟರ್ ಬಾಯಿಗೆ ಕೊಳವೆ ಇಟ್ಟು ಒಳಗಿನ ಗಾಳಿನ ನೀಲಿ ದ್ರವದ ಮೂಲಕ ಎಳೀತಾರೆ, ಪೆಟ್ರೋಲ್ ಗಾಡೀಲಿ ಹಳದಿ ಆದ್ರೆ ಹೆಡ್ ಗ್ಯಾಸ್ಕೆಟ್ ಲೀಕು. ನಮ್ದು ನೀಲಿ ನೀಲಿಯಾಗೇ ಉಳೀತು, ಹೋಸ್ ಮೆತ್ತಗೇ ಇತ್ತು. ಆ ಗ್ಯಾರೇಜಿನೋರಿಗೆ ಸ್ವಲ್ಪ ದಿನ ಬಿಟ್ಟು ಬರ್ತೀನಿ ಅಂತ ಹೇಳಿ ಬಂದೆ.

ಕೊನೆಗೆ ಸಿಕ್ಕಿದ್ದು

ನಮ್ಮೂರಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ರಿದಾರೆ, ಈಗ ಗ್ಯಾರೇಜ್ ನಡೆಸ್ತಿಲ್ಲ. ಅವರಿಗೆ ಎಲ್ಲ ಹೇಳಿದ್ಮೇಲೆ ಕೇಳಿದ್ದು ಒಂದೇ ಪ್ರಶ್ನೆ, "ಬೆಳಿಗ್ಗೆ ಟ್ಯಾಂಕಲ್ಲಿ ನೀರು ಕೆಳಗಿಳಿಯುತ್ತಾ ಮಾರಾಯ?" ಇಲ್ಲಣ್ಣ, ಏರಿದ್ದು ಏರಿದಂಗೇ ಇರುತ್ತೆ ಅಂದೆ. "ಟ್ಯಾಂಕ್ ಮುಚ್ಚಳ ತೆಗಿ" ಅಂದ್ರು.

ಈ ಟ್ಯಾಂಕಿನ ಕೆಲಸ ಏನಂದ್ರೆ, ಬಿಸಿಯಾದಾಗ ನೀರು ಹಿಗ್ಗಿ ಪ್ರೆಶರ್ ಜಾಸ್ತಿ ಆಗಿ ಕ್ಯಾಪಿನ ದೊಡ್ಡ ವಾಲ್ವ್ ತೆರೆದು ಹೆಚ್ಚಾಗಿದ್ದು ಸಣ್ಣ ಪೈಪಲ್ಲಿ ಟ್ಯಾಂಕಿಗೆ ಹೋಗುತ್ತೆ, ರಾತ್ರಿ ತಣ್ಣಗಾದಾಗ ನೀರು ಕುಗ್ಗಿ ಒಳಗೆ ಎಳೆತ ಹುಟ್ಟಿ ಕ್ಯಾಪಿನ ನಡುವಿನ ಸಣ್ಣ ವಾಲ್ವ್ ತೆರೆದು ಅದೇ ಪೈಪಲ್ಲಿ ವಾಪಸ್ ಎಳ್ಕೊಳ್ಳುತ್ತೆ. ಆ ಪೈಪು ಮುಚ್ಚಳದ ಒಳಗಿಂದ ಟ್ಯಾಂಕಿನ ತಳದವರೆಗೂ ಇಳಿದಿರ್ಬೇಕು, ಯಾವಾಗ್ಲೂ ನೀರಲ್ಲಿ ಮುಳುಗಿರ್ಬೇಕು. ನಮ್ಮ ಮುಚ್ಚಳದ ಕೆಳಗೆ ಪೈಪೇ ಇರ್ಲಿಲ್ಲ! ಕೂಲೆಂಟ್ ಚೇಂಜ್ ಮಾಡೋವಾಗ ಟ್ಯಾಂಕ್ ಬಿಚ್ಚಿ ತೊಳೆದಿದ್ರು, ಆಗ ಉದುರಿದ್ದು ವಾಪಸ್ ಹಾಕಿರ್ಲಿಲ್ಲ. ಬಿಸಿ ಆದಾಗ ಕೂಲೆಂಟ್ ಟ್ಯಾಂಕಿಗೆ ಬರೋದು, ತಣ್ಣಗಾದಾಗ ಪೈಪಿನ ಬಾಯಿ ನೀರಿಗಿಂತ ಮೇಲಿರೋದ್ರಿಂದ ವಾಪಸ್ ಹೋಗೋದು ಬರೀ ಗಾಳಿ. ದಿನಾ ಸ್ವಲ್ಪ ಸ್ವಲ್ಪ ಕೂಲೆಂಟ್ ಹೊರಗೆ, ಅಷ್ಟೇ ಗಾಳಿ ಒಳಗೆ, ಹತ್ತು ದಿನದಲ್ಲಿ ಒಂದು ಲೀಟರ್. ಟ್ಯಾಂಕ್ ತುಂಬಿದ್ದೂ ರೇಡಿಯೇಟರ್ ಖಾಲಿ ಯಾಕೆ, ಮೊದಲ ದಿನ ಸರಿ ಇದ್ದಿದ್ದು ಘಾಟೀಲಿ ಯಾಕೆ ಕೈಕೊಡ್ತು, ಏರ್ ತೆಗೆದಿದ್ದು ವಾರಕ್ಕೇ ಯಾಕೆ ವಾಪಸ್ ಬಂತು, ಎಲ್ಲದಕ್ಕೂ ಇದೊಂದೇ ಉತ್ತರ.

ಹೊಸ ರಬ್ಬರ್ ಪೈಪ್ ಒಂದು ತುಂಡು ಕತ್ತರಿಸಿ, ತುದಿ ತಳಕ್ಕೆ ಅಂಟಿ ಮುಚ್ಕೋಬಾರ್ದು ಅಂತ ಓರೆಯಾಗಿ ಕೊಯ್ದು ಹಾಕಿದ್ರು. ಹಂಗೇ ಕ್ಯಾಪಿನ ರಬ್ಬರೂ ನೋಡಿದ್ರು. ಬೆಳಿಗ್ಗೆ ಮೇಲಿನ ಹೋಸ್ ಚಪ್ಪಟೆಯಾಗಿ ಒಳಗೆ ಎಳ್ಕೊಂಡಿದ್ರೆ ಕ್ಯಾಪಿನ ಸಣ್ಣ ವಾಲ್ವ್ ಅಂಟಿದೆ ಇಲ್ಲಾ ಆ ಪೈಪು ಕಟ್ಟಿದೆ, ಹೋಸ್ ಸರಿಯಾಗಿದ್ದೂ ಟ್ಯಾಂಕ್ ಇಳೀತಿಲ್ಲ ಅಂದ್ರೆ ಎಲ್ಲೋ ಗಾಳಿ ಎಳ್ಕೊಳ್ತಿದೆ ಅಂತ, ಪೈಪು ಸೀಳಿದ್ರೂ ಹಿಂಗೇ. ಕ್ಯಾಪ್ ಹೊಸದು ತರೋವಾಗ ಮೇಲೆ ಬರೆದಿರೋ ಪ್ರೆಶರ್ ನಂಬರ್ ಹಳೇದಕ್ಕೆ ಸರಿಹೊಂದಬೇಕು, 0.9 ಅಥವಾ 1.1 ಅಂತ ಇರುತ್ತೆ, ಕೂತ್ಕೊಂಡ್ರೆ ಸಾಕು ಅಂತ ಯಾವುದೋ ಹಾಕ್ಬಾರ್ದು. ರೇಡಿಯೇಟರ್ ಮೇಲೆ ಕ್ಯಾಪ್ ಇಲ್ದೆ ಟ್ಯಾಂಕಿಗೇ ಪ್ರೆಶರ್ ಕ್ಯಾಪ್ ಇರೋ ಹೊಸ ಗಾಡಿಗಳಿಗೆ ಈ ಪೈಪಿನ ಕತೆ ಅನ್ವಯಿಸಲ್ಲ, ಅಲ್ಲಿ ಟ್ಯಾಂಕೂ ಪ್ರೆಶರಲ್ಲೇ ಇರುತ್ತೆ, ಬಿಸಿ ಇದ್ದಾಗ ಅದನ್ನೂ ತೆಗೀಬಾರ್ದು.

ಮತ್ತೊಂದು ಸಲ ಏರ್ ತೆಗೆದು, ಟ್ಯಾಂಕ್ ಮೇಲೆ ಮಾರ್ಕರಲ್ಲಿ ಎರಡು ಗೆರೆ ಎಳೆದೆ, ಬೆಳಿಗ್ಗೆ ತಣ್ಣಗಿದ್ದಾಗಿನ ಮಟ್ಟ ಒಂದು, ಓಡಿಸಿ ಬಂದ ಮಟ್ಟ ಒಂದು. ಈಗ ಸಂಜೆ ಮೇಲಿನ ಗೆರೆಗೆ ಏರುತ್ತೆ, ಬೆಳಿಗ್ಗೆ ಕೆಳಗಿನ ಗೆರೆಗೆ ಇಳಿಯುತ್ತೆ. ಹೋದ ತಿಂಗಳು ಅಪ್ಪಯ್ಯ ಅಮ್ಮನ್ನ ಕೂರಿಸ್ಕೊಂಡು ಮತ್ತೆ ಉಡುಪಿಗೆ ಹೋಗಿ ಬಂದ್ವಿ, ಒಬಿಡಿ ಸ್ಕ್ಯಾನರ್ (ಎಂಜಿನ್ ಟೆಂಪರೇಚರ್ ಫೋನಿಗೆ ಕಳ್ಸೋ ಸಣ್ಣ ಪ್ಲಗ್) ಹಾಕಿ ಫೋನಲ್ಲಿ ನೋಡ್ತಾ ಹತ್ತಿದೆ, ಕೊನೇ ತಿರುವಲ್ಲಿ 97, ಆಗುಂಬೆ ಚೆಕ್‌ಪೋಸ್ಟ್ ಹತ್ರ ಬರೋ ಹೊತ್ತಿಗೆ 91.